ಹವಾಮಾನ ಸಂಸ್ಥೆಗೆ ನಿರ್ದೇಶಕಿಯಾಗಿ ಅಂತಿದ್ದಾರೆ, ಒಪ್ಪಿಕೊಳ್ಳಲಾ?

ಪ್ರಶ್ನೆ: ನಾನು ಬಯಲುಸೀಮೆಯ ಒಂದು ವಿಶ್ವವಿದ್ಯಾಲಯದಲ್ಲಿ ಹದಿನಾಲ್ಕು ವರ್ಷದಿಂದ ಮಣ್ಣಿನ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಈಗ ನಮ್ಮಲ್ಲಿ ಹವಾಮಾನ ಬದಲಾವಣೆಗೆ ಪರಿಹಾರ ಹುಡುಕುವ ಸಂಶೋಧನಾ ಸಂಸ್ಥೆ ಶುರುವಾಗುತ್ತಿದೆ. ನಿರ್ದೇಶಕಿಯಾಗಿ ಎಂದು ಕುಲಪತಿಗಳು ಕೇಳಿದ್ದಾರೆ. ಮೂರು ಕೋಣೆ, ಐದು ವರ್ಷಕ್ಕೆ ಎರಡು ಕೋಟಿ ರೂಪಾಯಿ ಕೊಡುತ್ತಾರಂತೆ. ಮೊದಲು ಒಂದು ದೊಡ್ಡ ಉಪಕರಣ ತರಿಸಿ ಅಂತ ಸಹೋದ್ಯೋಗಿಗಳು ಹೇಳುತ್ತಾರೆ. ಸಿಮೆಂಟ್ ಕಂಪನಿಯೊಂದು ದುಡ್ಡು ಕೊಡಲು ಮುಂದೆ ಬಂದಿದೆ, ತಗೋಬಹುದಾ? ನನ್ನ ಸ್ವಂತ ಸಂಶೋಧನೆ ನಿಂತುಹೋಗುತ್ತಾ? ಉದ್ಘಾಟನೆಗೆ ಯಾರನ್ನು ಕರೆಯಬೇಕು ಅನ್ನುವುದೂ ಗೊತ್ತಾಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಒಪ್ಪಿಕೊಳ್ಳಿ ಮೇಡಂ. ಇಂಥದೇ ಒಂದು ಕೇಂದ್ರವನ್ನು ಒಂಬತ್ತು ವರ್ಷ ನಡೆಸಿ, ನಿವೃತ್ತನಾಗಿ, ಈಗ ಮನೆಯಲ್ಲಿ ಕೂತು ಪತ್ರ ಓದುತ್ತಿರುವವನು ನಾನು. ಕೆಲಸ ಕಷ್ಟದ್ದೇ. ಆದರೆ ನೀವು ಬೇಡ ಅಂದರೆ ಆ ಕುರ್ಚಿಯೇನೂ ಖಾಲಿ ಇರುವುದಿಲ್ಲ. ಉಪಕರಣ ತರಿಸಿ ಅಂದವರಲ್ಲೇ ಒಬ್ಬರು ಬಂದು ಕೂರುತ್ತಾರೆ.

ಆ ಉಪಕರಣದ ಮಾತು ಮೊದಲು ಮುಗಿಸಿಬಿಡೋಣ. ತರಿಸಬೇಡಿ. ಎರಡು ಕೋಟಿಯಲ್ಲಿ ದೊಡ್ಡ ಪಾಲು ಅದೇ ನುಂಗುತ್ತದೆ. ಆಮೇಲೆ ಎ.ಸಿ. ಬೇಕು, ಯುಪಿಎಸ್ ಬೇಕು, ವರ್ಷಾ ವರ್ಷ ನಿರ್ವಹಣೆಗೆ ದುಡ್ಡು ಕಟ್ಟಬೇಕು, ನಡೆಸುವುದಕ್ಕೆ ಒಬ್ಬ ಕಲಿತವನು ಬೇಕು. ನಮ್ಮಲ್ಲಿ ಬಂದ ಒಂದು ಯಂತ್ರ ಹದಿನಾಲ್ಕು ತಿಂಗಳು ಮರದ ಪೆಟ್ಟಿಗೆಯಲ್ಲೇ ಇತ್ತು. ಇಡಬೇಕಾದ ಕೋಣೆಗೆ ತ್ರೀ ಫೇಸ್ ಕರೆಂಟ್ ಇರಲಿಲ್ಲ! ಪೆಟ್ಟಿಗೆ ಬಿಚ್ಚುವಷ್ಟರಲ್ಲಿ ವಾರಂಟಿ ಮುಗಿದಿತ್ತು. ಆ ಪೆಟ್ಟಿಗೆಯ ಹಲಗೆಯಲ್ಲಿ ಮಾಡಿಸಿದ ಬೆಂಚು ಮಾತ್ರ ಇವತ್ತಿಗೂ ಗಟ್ಟಿಮುಟ್ಟಾಗಿದೆ. ಮಣ್ಣಿನ ಇಂಗಾಲ ಅಳೆಯಬೇಕೇ? ಕೃಷಿ ವಿಶ್ವವಿದ್ಯಾಲಯಕ್ಕೆ ಸ್ಯಾಂಪಲ್ ಕಳಿಸಿ, ದುಡ್ಡು ಕೊಟ್ಟು ಮಾಡಿಸಿ.

ಹಾಗಾದರೆ ಎಲ್ಲಿಂದ ಶುರು? ನಿಮಗೆ ಒಂದು ಹಳೆಯ ಕಥೆ ಹೇಳಬೇಕು. ಹೊರದೇಶದ್ದಲ್ಲ, ತುಮಕೂರು ಜಿಲ್ಲೆಯದು.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಅಂತ ಒಂದು ಘಟಕ ಶುರುವಾಯಿತು. ವಿಜ್ಞಾನ, ತಂತ್ರಜ್ಞಾನವನ್ನು ಹಳ್ಳಿಗೆ ಒಯ್ಯುವುದು ಅದರ ಕೆಲಸ. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸತೀಶ್ ಧವನ್. ಅಸ್ತ್ರ ಕಟ್ಟಿದವರು ಅಮೂಲ್ಯ ರೆಡ್ಡಿ. ಅವರೂ ನಿಮ್ಮ ಹಾಗೆ ರಸಾಯನಶಾಸ್ತ್ರದವರೇ. ವಿದ್ಯುತ್ ರಸಾಯನಶಾಸ್ತ್ರದಲ್ಲಿ ಜಗತ್ತೆಲ್ಲ ಓದುವ ಪಠ್ಯ ಬರೆದವರಲ್ಲಿ ಒಬ್ಬರು. ಅಂಥವರು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ಇಟ್ಟು, ಸುತ್ತಲ ಆರು ಹಳ್ಳಿಗಳಲ್ಲಿ ಒಂದು ಸರ್ವೆ ಮಾಡಿಸಿದರು. ಏನು ಸರ್ವೆ ಗೊತ್ತಾ? ಯಾವ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ, ಅದನ್ನು ಯಾರು ತರುತ್ತಾರೆ, ಎಷ್ಟು ದೂರದಿಂದ, ದಿನಕ್ಕೆ ಎಷ್ಟು ಹೊತ್ತು. ನೀರು ಯಾರು ಹೊರುತ್ತಾರೆ. ಎತ್ತು ಎಷ್ಟು ಗಂಟೆ ದುಡಿಯುತ್ತದೆ.

ಅದರಿಂದ ಗೊತ್ತಾದದ್ದು ಬೆಂಗಳೂರಿನ ಮೇಜಿನ ಮೇಲೆ ಯಾರಿಗೂ ಹೊಳೆಯುವಂಥದಲ್ಲ. ಹಳ್ಳಿ ಬಳಸುವ ಶಕ್ತಿಯ ಬಹುಪಾಲು ಒಲೆಯ ಸೌದೆ. ಕರೆಂಟಿನ ಪಾಲು ತೀರಾ ಕಡಿಮೆ. ಆ ಸೌದೆಯೂ ಮರ ಕಡಿದು ತಂದದ್ದಲ್ಲ, ಹೆಚ್ಚಿನದೆಲ್ಲ ಆರಿಸಿ ತಂದ ಕಡ್ಡಿ, ಪುಳ್ಳೆ. ದುಡ್ಡು ಕೊಟ್ಟು ಕೊಳ್ಳದೇ ಇದ್ದದ್ದರಿಂದ ಯಾವ ಸರ್ಕಾರಿ ಲೆಕ್ಕಕ್ಕೂ ಅದು ಸಿಕ್ಕಿರಲಿಲ್ಲ. ಅದನ್ನು ಹೊತ್ತ ಹೆಂಗಸರು, ಮಕ್ಕಳೂ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಮೂರು ಪಾತ್ರೆ ಇಡುವ, ಸೌದೆ ಕಡಿಮೆ ತಿನ್ನುವ ಅಸ್ತ್ರ ಒಲೆ ಹುಟ್ಟಿದ್ದು ಇಂಥ ತಿಳಿವಳಿಕೆಯಿಂದಲೇ. ನಮ್ಮ ಅಮ್ಮನ ಅಡುಗೆಮನೆಯಲ್ಲೂ ಒಂದಿತ್ತು, ಅದರ ಹೊಗೆಕೊಳವೆ ಉಜ್ಜುವ ಕೆಲಸ ನನ್ನದು.

ಇಲ್ಲಿಂದ ಮುಂದಿನದು ನಿಮಗೆ ಜಾಸ್ತಿ ಬೇಕಾದದ್ದು. ಆ ಆರು ಹಳ್ಳಿಗಳಲ್ಲಿ ಪುರ ಅನ್ನುವುದು ಒಂದು. ಐನೂರು ಜನರೂ ಇಲ್ಲದ ಊರು. ಸರಿ, ಅಡುಗೆಗೆ ಸೌದೆ ತಾನೇ ತೊಂದರೆ, ಊರಿನ ಸಗಣಿಯೆಲ್ಲ ಸೇರಿಸಿ ಎಲ್ಲರಿಗೂ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ, ಮನೆಮನೆಗೆ ಅಡುಗೆ ಅನಿಲ ಕೊಡೋಣ ಎಂದುಕೊಂಡರು. ಸ್ಥಾವರ ಬಂತು. ಲೆಕ್ಕ ಕೈಕೊಟ್ಟಿತು. ಊರಿನ ದನಗಳ ಸಗಣಿಯಿಂದ ಎಲ್ಲ ಮನೆಯ ಅಡುಗೆಗೆ ಆಗುವಷ್ಟು ಅನಿಲ ಬರಲೇ ಇಲ್ಲ. ಎಷ್ಟೋ ಯೋಜನೆಗಳು ಇಲ್ಲಿಗೆ ಮುಗಿಯುತ್ತವೆ. ಒಂದು ವರದಿ ಬರುತ್ತದೆ, ‘ಜನರ ಸಹಕಾರದ ಕೊರತೆ’ ಅಂತ ಅದರಲ್ಲೊಂದು ಸಾಲು ಇರುತ್ತದೆ, ಅಷ್ಟೇ.

ಇವರು ಊರಿನವರ ಜೊತೆ ಮತ್ತೆ ಕೂತರು. ಊರಿಗೆ ಬೇಕಾಗಿದ್ದದ್ದು ಕುಡಿಯುವ ನೀರು. ಅಲ್ಲಿಯವರೆಗೆ ಹೆಂಗಸರು ಹೊತ್ತು ತರುತ್ತಿದ್ದದ್ದು ಕೆರೆ ನೀರು. ಅದೇ ಅನಿಲದಿಂದ ಒಂದು ಸಣ್ಣ ಎಂಜಿನ್ ಓಡಿಸಿದರೆ? 1987ರಿಂದ ಅದು ಕೊಳವೆಬಾವಿಯ ನೀರೆತ್ತಿ ನಲ್ಲಿಗೆ ಬಿಟ್ಟಿತು, ಸಂಜೆ ಮನೆಗಳಿಗೆ ದೀಪ ಕೊಟ್ಟಿತು. ಸಗಣಿ ತಂದು ಹಾಕಿದವರಿಗೆ ತೂಕದ ಮೇಲೆ ಕೂಲಿ, ಅನಿಲ ತೆಗೆದ ಮೇಲೆ ಉಳಿದ ಗೊಬ್ಬರವೂ ಅವರಿಗೇ ವಾಪಸ್. ನಡೆಸಿದ್ದು ಊರಿನ ಹುಡುಗರು. ಹತ್ತಿರ ಹತ್ತಿರ ಹತ್ತು ವರ್ಷ ಅದು ನಡೆಯಿತು.

ಯಂತ್ರ ಅದೇ, ಸಗಣಿ ಅದೇ. ಬದಲಾದದ್ದು ಪ್ರಶ್ನೆ ಮಾತ್ರ. ‘ಅಡುಗೆಗೆ ಅನಿಲ ಹೇಗೆ’ ಅನ್ನುವುದು ಬೆಂಗಳೂರಿನಿಂದ ಹೊತ್ತು ತಂದ ಪ್ರಶ್ನೆ. ‘ನೀರು ಹೇಗೆ’ ಅನ್ನುವುದು ಪುರದ್ದು. ನಿರ್ದೇಶಕಿಯ ಕುರ್ಚಿಯಲ್ಲಿ ನೀವು ಮಾಡಬೇಕಾದ ನಿಜವಾದ ಕೆಲಸ ಇದೇ ಅನ್ನುವುದು ನನ್ನ ಅಭಿಪ್ರಾಯ: ಪ್ರಾಜೆಕ್ಟ್ ನಡುವೆ ಪ್ರಶ್ನೆ ಬದಲಾಯಿಸಬೇಕಾಗಿ ಬಂದಾಗ ಬದಲಾಯಿಸುವುದಕ್ಕೆ ಜಾಗ ಮಾಡಿಕೊಡುವುದು. ಅಂದರೆ ದುಡ್ಡು ಕೊಟ್ಟವರಿಗೆ, ಆಡಿಟ್‌ನವರಿಗೆ, ಪಿಎಚ್.ಡಿ. ವಿಷಯ ನೋಂದಾಯಿಸಿಕೊಂಡ ವಿದ್ಯಾರ್ಥಿಗೆ, ಎಲ್ಲರಿಗೂ ಅದನ್ನು ವಿವರಿಸಿ ಒಪ್ಪಿಸುವುದು. ಉಳಿದದ್ದನ್ನು ನಿಮ್ಮ ಕೈಕೆಳಗಿನವರು ನಿಮಗಿಂತ ಚೆನ್ನಾಗಿ ಮಾಡುತ್ತಾರೆ.

ಇದು ನನಗೆ ಪುಸ್ತಕ ಓದಿ ಬಂದ ಬುದ್ಧಿಯಲ್ಲ. ನಾವು ಒಂದು ಹಳ್ಳಿಯ ಶಾಲೆಯ ತಾರಸಿ ಮೇಲೆ ಸ್ವಯಂಚಾಲಿತ ಮಳೆಮಾಪಕ ಇಟ್ಟಿದ್ದೆವು. ಜನವರಿ ತಿಂಗಳು, ಆಕಾಶದಲ್ಲಿ ಒಂದು ಮೋಡ ಇಲ್ಲ. ಆದರೂ ದಿನಾ ಬೆಳಿಗ್ಗೆ ಎಂಟೂಕಾಲಿಗೆ ಅದು ನಾಲ್ಕೈದು ಮಿಲಿಮೀಟರ್ ಮಳೆ ತೋರಿಸುತ್ತಿತ್ತು. ನಮ್ಮ ಹುಡುಗನೊಬ್ಬ ಬೆಳಗಿನ ಮಂಜಿನ ಪ್ರಭಾವ ಅಂತ ಅರ್ಧ ಪುಟ ಬರೆದೂ ಆಗಿತ್ತು. ಸುಮ್ನೆ ಒಂದು ದಿನ ಹೋಗಿ ನೋಡಿದರೆ, ಪಕ್ಕದ ಓವರ್‌ಹೆಡ್ ಟ್ಯಾಂಕಿನ ನೀರು ತುಂಬಿ ಹೊರಗೆ ಸುರಿಯುವ ಪೈಪು ನೇರ ನಮ್ಮ ಮಾಪಕಕ್ಕೇ ಚಿಮ್ಮುತ್ತಿತ್ತು. ನೀರುಗಂಟಿ ಮೋಟರ್ ಹಾಕಿ ಟೀ ಕುಡಿಯಲು ಹೋಗುತ್ತಿದ್ದ. ಬಂದು ಆಫ್ ಮಾಡುವಷ್ಟರಲ್ಲಿ ನಮಗೆ ಐದು ಮಿಲಿಮೀಟರ್ ಮಳೆ.

ನಗಾಡಿಕೊಂಡು ವಾಪಸ್ ಬರಬಹುದಿತ್ತು. ಆದರೆ ಆತ ತನ್ನ ನೋಟ್‌ಬುಕ್ ತೋರಿಸಿದ. ಟ್ಯಾಂಕ್ ತುಂಬಲು ಯಾವತ್ತು ಎಷ್ಟು ಹೊತ್ತು ಮೋಟರ್ ಓಡಿತು ಅಂತ ಏಳು ವರ್ಷದಿಂದ ಬರೆದಿಟ್ಟಿದ್ದ. ಮೊದಲಲ್ಲಿ ಒಂದೂವರೆ ಗಂಟೆ. ಕೊನೆಯ ಪುಟಗಳಲ್ಲಿ ನಾಲ್ಕು ಗಂಟೆ. ನಡುವೆ ಕೆಂಪು ಶಾಯಿಯಲ್ಲಿ ‘ಹೊಸ ಬೋರ್’ ಅಂತ ಎರಡು ಕಡೆ. ಆ ಊರಿನ ಅಂತರ್ಜಲದ ಕಥೆ ಪೂರ್ತಿ ಅಲ್ಲಿತ್ತು! ನಾವು ಮಳೆ ಅಳೆಯಲು ಹೋದವರು, ಮುಂದಿನ ನಾಲ್ಕು ವರ್ಷ ಅಕ್ಕಪಕ್ಕದ ಪಂಚಾಯಿತಿಗಳ ನೀರುಗಂಟಿಗಳ ನೋಟ್‌ಬುಕ್ ಹುಡುಕುತ್ತಾ ಓಡಾಡಿದೆವು. ಅಂದಹಾಗೆ, ಮಳೆ ಅಳೆಯುವ ಕೆಲಸವನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಾಡುತ್ತಿದೆ. ನೀವು ಮತ್ತೆ ಮಾಪಕ ಕೊಳ್ಳಬೇಡಿ, ಅವರ ಅಂಕಿಅಂಶ ಕೇಳಿ.

ಹಾಗಾಗಿ ಮೊದಲ ಆರು ತಿಂಗಳು ಜಿಲ್ಲೆ ಸುತ್ತಿ. ‘ಹವಾಮಾನ ಬದಲಾವಣೆ’ ಅನ್ನುವ ಪದವನ್ನು ಕಚೇರಿಯಲ್ಲೇ ಬಿಟ್ಟು ಹೋಗಿ. ಬಯಲುಸೀಮೆಯಲ್ಲಿ ರಾಗಿ, ಕಡಲೆಕಾಯಿ ಹೊಲಗಳು ಅಡಿಕೆ ತೋಟ ಆಗುತ್ತಿವೆ, ಬೋರ್‌ವೆಲ್ ನಂಬಿಕೊಂಡು. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಆ ವರ್ಷ ಟ್ಯಾಂಕರ್ ನೀರು ಹಾಕಿ ಅಡಿಕೆ ಉಳಿಸಿಕೊಂಡವರು ಯಾರು, ಉಳಿಸಿಕೊಳ್ಳಲಾಗದೆ ಕಡಿದವರು ಯಾರು, ಅವರಿಗೆ ಸಾಲ ಎಷ್ಟಾಯಿತು? ಇಂಥ ಎರಡು ಪ್ರಶ್ನೆ ಹಿಡಿದುಕೊಳ್ಳಿ. ಎರಡೇ. ಹನ್ನೆರಡು ‘ಥ್ರಸ್ಟ್ ಏರಿಯಾ’, ಅಂದರೆ ಆದ್ಯತೆಯ ವಿಷಯ, ಅಂತ ಬ್ರೋಷರ್‌ನಲ್ಲಿ ಬಣ್ಣಬಣ್ಣದ ವೃತ್ತ ಹಾಕಿಸುವ ಆಸೆ ನಿಮಗೂ ಬರುತ್ತದೆ, ನನಗೂ ಬಂದಿತ್ತು.

ಹವಾಮಾನದ ಕಂಪ್ಯೂಟರ್ ಮಾಡೆಲ್‌ಗಳಿಗೂ ಕೈ ಹಾಕಬೇಡಿ. ಬೆಂಗಳೂರಿನ ಅದೇ ವಿಜ್ಞಾನ ಸಂಸ್ಥೆಯಲ್ಲಿ 2009ರಲ್ಲಿ ಹವಾಮಾನ ಬದಲಾವಣೆಗೆಂದೇ ದಿವೇಚ ಕೇಂದ್ರ ಶುರುವಾಯಿತು. ಪ್ರೊ. ಜೆ. ಶ್ರೀನಿವಾಸನ್ ಅದನ್ನು ಮುನ್ನಡೆಸಿದರು. ಮುಂಗಾರು, ಹಿಮಾಲಯದ ಹಿಮನದಿಗಳ ಬಗ್ಗೆ ಅಲ್ಲಿ ಒಳ್ಳೆಯ ಕೆಲಸ ಆಗಿದೆ. ಆದರೆ ಅದಕ್ಕೆ ಬೇಕಾದ ಜನ, ಯಂತ್ರ, ದಾನಿಗಳೇ ಬೇರೆ. ನಿಮ್ಮ ಮೂರು ಕೋಣೆಯಿಂದ ಅವರನ್ನು ಅನುಕರಿಸಿದರೆ ಅರೆಬೆಂದ ಕೆಲಸವಾಗುತ್ತದೆ.

ಪರಿಹಾರ ಅಂದರೆ ಬರೀ ಯಂತ್ರವಲ್ಲ ಅನ್ನುವುದಕ್ಕೆ ಪಾವಗಡ ನೋಡಿ. 13,000 ಎಕರೆ, 2,050 ಮೆಗಾವಾಟ್ ಸೌರ ವಿದ್ಯುತ್. ರೈತರಿಂದ ಜಮೀನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರುಮಾಡಿ ಗುತ್ತಿಗೆಗೆ ತಗೊಂಡರು. ಮಳೆ ಇಲ್ಲದ ಊರಿನಲ್ಲಿ ಜಮೀನಿದ್ದವರಿಗೆ ಅದು ಒಳ್ಳೆಯದೇ ಆಯಿತು. ಜಮೀನಿಲ್ಲದೆ ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆ ಯಾರು ಕೊಡುತ್ತಾರೆ? ಇದನ್ನು ಎಂಜಿನಿಯರ್ ಒಬ್ಬನೇ ಕೂತು ಯೋಚಿಸಲಾರ. ನಿಮ್ಮ ಮೊದಲ ನೇಮಕಾತಿಯಲ್ಲಿ ಒಬ್ಬ ಅರ್ಥಶಾಸ್ತ್ರಿಯೋ ಸಮಾಜಶಾಸ್ತ್ರಿಯೋ ಇರಲಿ. ಕೊನೆಗೆ ವರದಿಗೆ ಒಂದು ಅಧ್ಯಾಯ ಬರೆದುಕೊಡಿ ಅಂತ ಅವರನ್ನು ಕರೆಯುವ ಚಾಳಿ ಬೇಡ. ಪ್ರಶ್ನೆ ಕಟ್ಟುವಾಗಲೇ ಅವರಿರಬೇಕು.

ಕಾಗದದ ಮೇಲಿನ ಲೆಕ್ಕವೂ ಪರಿಹಾರ ಆಗಬಲ್ಲದು. ಎಂಬತ್ತರ ದಶಕದ ಕೊನೆಗೆ ಸರ್ಕಾರದ ಸಮಿತಿಯೊಂದು 2000ನೇ ಇಸವಿಗೆ ಕರ್ನಾಟಕಕ್ಕೆ ಇಷ್ಟು ಕರೆಂಟ್ ಬೇಕು ಅಂತ ದೊಡ್ಡ ಯೋಜನೆ ಮಾಡಿತ್ತು. ಅಸ್ತ್ರದ ಅದೇ ಅಮೂಲ್ಯ ರೆಡ್ಡಿ ಮತ್ತು ಅವರ ಜೊತೆಯವರು ಕರೆಂಟಿನಿಂದ ಜನರಿಗೆ ಆಗಬೇಕಾದ ಕೆಲಸಗಳಿಂದ ಲೆಕ್ಕ ಶುರುಮಾಡಿದರು. ದೀಪ, ಪಂಪು, ಬಿಸಿನೀರು, ಕಾರ್ಖಾನೆ ಹೀಗೆ. ದಕ್ಷ ಉಪಕರಣ ಬಳಸಿದರೆ ಸಮಿತಿ ಹೇಳಿದ್ದರಲ್ಲಿ ಸುಮಾರು ಐದರಲ್ಲಿ ಎರಡು ಪಾಲು ವಿದ್ಯುತ್ ಸಾಕು ಅಂತ ತೋರಿಸಿಕೊಟ್ಟರು. ಅದಕ್ಕೆ ಬೇಕಾಗಿದ್ದದ್ದು ತಲೆ, ಕಾಗದ, ಹಳ್ಳಿಯಲ್ಲಿ ಓಡಾಡಿದ ಕಾಲು.

ಈಗ ಸಿಮೆಂಟಿನವರ ದುಡ್ಡು. ತಗೋಬಾರದು ಅಂತ ನಾನು ಹೇಳುವುದಿಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಬಿಪಿ ಅನ್ನುವ ತೈಲ ಕಂಪನಿಯ ದುಡ್ಡಿನಿಂದಲೇ ಇಂಗಾಲ ತಗ್ಗಿಸುವ ಸಂಶೋಧನಾ ಕಾರ್ಯಕ್ರಮ ಶುರುವಾಯಿತು. ಅಲ್ಲಿಂದ ರಾಬರ್ಟ್ ಸೊಕೊಲೊ, ಸ್ಟೀಫನ್ ಪಕಾಲಾ 2004ರಲ್ಲಿ ಬರೆದ ಲೇಖನವನ್ನು ಇವತ್ತಿಗೂ ತರಗತಿಗಳಲ್ಲಿ ಪಾಠ ಮಾಡುತ್ತಾರೆ. ಇಂಗಾಲದ ಏರಿಕೆಯನ್ನು ಐವತ್ತು ವರ್ಷಕ್ಕೆ ಏಳು ತುಂಡು ಮಾಡಿ, ಒಂದೊಂದು ತುಂಡನ್ನು ಒಂದೊಂದು ದಾರಿಯಲ್ಲಿ ಇಳಿಸಬಹುದು, ಆ ದಾರಿಗಳು ಆಗಲೇ ಬಳಕೆಯಲ್ಲಿವೆ ಅಂದರು ಅವರು. ಅಮೆರಿಕದ್ದೇ ಆದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅನುಭವ ಬೇರೆ. 2022ರಲ್ಲಿ ಹೂಡಿಕೆದಾರ ಜಾನ್ ಡೋರ್ ದಂಪತಿ 110 ಕೋಟಿ ಡಾಲರ್ ಕೊಟ್ಟು ಹವಾಮಾನ, ಸುಸ್ಥಿರತೆಯ ಅಧ್ಯಯನಕ್ಕೆ ಅಲ್ಲೊಂದು ಹೊಸ ವಿಭಾಗವನ್ನೇ ಕಟ್ಟಿಸಿದರು. ತೈಲ ಕಂಪನಿಗಳ ಜೊತೆಗೂ ಕೆಲಸ ಮಾಡಲು ಸಿದ್ಧ ಎಂದರು ಅದರ ಮೊದಲ ಡೀನ್ ಅರುಣ್ ಮಜುಮ್ದಾರ್. ವಿದ್ಯಾರ್ಥಿಗಳು ತಿರುಗಿಬಿದ್ದರು. ದುಡ್ಡು ಎಷ್ಟೇ ಇರಲಿ, ಈ ಜಗಳ ತಪ್ಪಿದ್ದಲ್ಲ. ಮೊದಲೇ ನಿಮ್ಮವರನ್ನೆಲ್ಲ ಕೂರಿಸಿಕೊಂಡು ಮಾತಾಡಿಬಿಡಿ.

ನಿಮ್ಮ ವಿಷಯದಲ್ಲಿ ಒಂದು ಸುಲಭದ ಪರೀಕ್ಷೆ ಇದೆ. ನಿಮಗೆ ಗೊತ್ತೇ ಇದೆ, ಸಿಮೆಂಟ್ ಹೊರಬಿಡುವ ಇಂಗಾಲದಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಸುಣ್ಣದಕಲ್ಲನ್ನು ಕಾಯಿಸಿದಾಗ ಆ ಕಲ್ಲಿನಿಂದಲೇ. ಕಲ್ಲಿದ್ದಲು ಬಿಟ್ಟರೂ ಅದು ನಿಲ್ಲುವುದಿಲ್ಲ. ಇತ್ತ ಅಸ್ತ್ರದವರು ಮಣ್ಣಿಗೆ ಚೂರು ಸಿಮೆಂಟ್ ಬೆರೆಸಿ, ಒತ್ತಿ, ಸುಡದೇ ಇಟ್ಟಿಗೆ ಮಾಡುವುದನ್ನು ಎಷ್ಟೋ ವರ್ಷ ಮೊದಲೇ ತೋರಿಸಿಕೊಟ್ಟಿದ್ದಾರೆ. ಕಂಪನಿಯವರನ್ನು ಕೇಳಿ: ‘ನಿಮ್ಮ ದುಡ್ಡಿನಲ್ಲಿ ಸಂಶೋಧನೆ ಮಾಡಿ, ಇಂಥ ಕಟ್ಟಡಕ್ಕೆ ಸಿಮೆಂಟ್ ಅರ್ಧ ಸಾಕು ಅಂತ ನಾವು ಪ್ರಕಟಿಸಿದರೆ ನಿಮ್ಮ ಅಭ್ಯಂತರ ಇಲ್ಲ ತಾನೇ?’ ಅಭ್ಯಂತರ ಇಲ್ಲ ಅಂತ ಹೇಳಿದರೆ ಅದನ್ನೇ ಒಪ್ಪಂದದಲ್ಲಿ ಬರೆಸಿ. ಪ್ರಕಟಣೆಗೆ ಅನುಮತಿ ಬೇಡ, ವಿಷಯ ಆರಿಸುವ ಸಮಿತಿಯಲ್ಲಿ ಕಂಪನಿಯವರು ಕೂರುವುದಿಲ್ಲ, ಅಂಕಿಅಂಶ ವಿಶ್ವವಿದ್ಯಾಲಯದ್ದು. ಹೂಂ ಹೂಂ ಅಂತ ಮುಖ ಸಣ್ಣ ಮಾಡಿದರೆ ಕಾಫಿ ಕೊಟ್ಟು ಕಳಿಸಿ.

ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ದುಡ್ಡಿನ ಬಗ್ಗೆ ಇನ್ನೊಂದು ಮಾತು. ಕಂಪನಿ ಕಾಯ್ದೆಯ ಲೆಕ್ಕದ ಲಾಭದ 2% ಹಣ ಅದು. ಸರ್ಕಾರಿ ವಿಶ್ವವಿದ್ಯಾಲಯದ ಸಂಶೋಧನೆಗೂ ಕೊಡಬಹುದು ಅಂತ 2019ರಲ್ಲಿ ನಿಯಮ ಬದಲಾಯಿತು. ಆದರೆ ಮುಂದಿನ ವರ್ಷ ಬರುತ್ತದೆ ಅನ್ನುವ ಖಾತ್ರಿ ಇರುವುದಿಲ್ಲ. ಅದನ್ನು ನಂಬಿ ಜನರನ್ನು ನೇಮಿಸಿಕೊಂಡರೆ ಮಾರ್ಚ್ ಬಂತೆಂದರೆ ಎದೆ ಢವಢವ. ಅದರಲ್ಲಿ ಸಾಮಾನು ತಗೊಳ್ಳಿ, ತರಬೇತಿ ಮಾಡಿ. ಸಂಬಳ ಮಾತ್ರ ಗಟ್ಟಿ ದುಡ್ಡಿನಿಂದಲೇ ಕೊಡಿ.

ಸಂಬಳ ಅಂದಾಗ ನೆನಪಾಯಿತು. ಕಿರಿಯ ಸಂಶೋಧಕರಿಗೆ, ಅಂದರೆ ಜೆಆರ್‌ಎಫ್‌ಗೆ, 2023ರಿಂದ ತಿಂಗಳಿಗೆ 37,000 ರೂಪಾಯಿ ಆಗಿದೆ. ಆದೇಶದಲ್ಲಿ ಆಗಿದೆ, ಕೈಗೆ ಬರುವುದು ಬೇರೆ ವಿಷಯ. ನಮ್ಮ ಹುಡುಗಿಯೊಬ್ಬಳಿಗೆ ಐದು ತಿಂಗಳು ಬರಲಿಲ್ಲ. ಪಿ.ಜಿ. ಬಾಡಿಗೆಗೆ ಕಿವಿಯೋಲೆ ಅಡ ಇಟ್ಟಿದ್ದಳು ಅಂತ ಆಮೇಲೆ ಗೊತ್ತಾಯಿತು. ತಡ ಯಾಕೆ ಅಂತ ಹುಡುಕಿಕೊಂಡು ಹೋದರೆ, ಹಿಂದಿನ ವರ್ಷದ ಹಣ ಬಳಕೆ ಪ್ರಮಾಣಪತ್ರದಲ್ಲಿ 412 ರೂಪಾಯಿ ವ್ಯತ್ಯಾಸ! ಹಳ್ಳಿಗೆ ಹೋದ ಆಟೋಗೆ ಮೂರು ಕೊಟೇಶನ್ ಇಲ್ಲ ಅಂತ ಬಿಲ್ ತಿರಸ್ಕರಿಸಿದ್ದರು. ಕಡತ ಎರಡು ಮೇಜಿನ ನಡುವೆ ಮಲಗಿತ್ತು. ಆವತ್ತಿನಿಂದ ನಾನು ಪ್ರತಿ ಸೋಮವಾರ ಹತ್ತು ಗಂಟೆಗೆ ಹಣಕಾಸು ವಿಭಾಗಕ್ಕೆ ನಾನೇ ಹೋಗಿ ಕೂರುತ್ತಿದ್ದೆ. ನಿರ್ದೇಶಕರೇ ಬಂದು ಸ್ಟೂಲ್ ಮೇಲೆ ಕೂತರೆ ಕಡತಕ್ಕೆ ಕಾಲು ಬರುತ್ತದೆ. ಅವಮಾನ ಅಂದುಕೊಳ್ಳಬೇಡಿ, ಅದೂ ಸಂಶೋಧನೆಯ ಭಾಗವೇ. ಆದೇಶಕ್ಕೆ ಸಹಿ ಮಾಡುವ ಮುಂಚೆಯೇ, ಕ್ಷೇತ್ರಕಾರ್ಯದ ಖರ್ಚಿಗೆ ಸ್ವಲ್ಪ ಮುಂಗಡ ಹಣ ನಿಮ್ಮ ಕೈಯಲ್ಲೇ ಇರುವ ಹಾಗೆ ಕುಲಪತಿಗಳಿಂದ ಬರೆಸಿಕೊಳ್ಳಿ. ಈಗ ಅವರಿಗೆ ನೀವು ಬೇಕು. ಆದೇಶವಾದ ಮೇಲೆ ನಿಮಗೆ ಅವರು ಬೇಕು.

ಅಂಕಿಅಂಶವನ್ನು ಮುಚ್ಚಿಡಬೇಡಿ. 2009ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿಗಳ ಇಮೇಲ್‌ಗಳನ್ನು ಯಾರೋ ಕದ್ದು ಬಹಿರಂಗ ಮಾಡಿದರು. ಮೋಸ ಮಾಡಿಲ್ಲ ಅಂತ ವಿಚಾರಣೆಗಳು ಹೇಳಿದವು, ಆದರೆ ಕೇಳಿದವರಿಗೆ ಮಾಹಿತಿ ಕೊಡಲು ಹಿಂದೆಮುಂದೆ ನೋಡಿದ್ದು ತಪ್ಪು ಅಂತಲೂ ಹೇಳಿದವು. ನಮ್ಮ ಕಡೆ ಇನ್ನೂ ಒಂದಿದೆ: ಊರಿನಿಂದ ತಂದ ಮಾಹಿತಿ ಊರಿಗೆ ಕನ್ನಡದಲ್ಲಿ ವಾಪಸ್ ಹೋಗಬೇಕು. ಎರಡು ಪುಟ ಸಾಕು, ಪಂಚಾಯಿತಿ ಗೋಡೆಗೆ ಅಂಟಿಸಿ.

ವರ್ಷಾ ವರ್ಷ ಒಂದೇ ಥರ ಮಾಡಬೇಕಾದ ಬೇಸರದ ಅಳತೆಗಳಿಗೆ ಅಂತ ಸ್ವಲ್ಪ ದುಡ್ಡು ಪ್ರತ್ಯೇಕ ತೆಗೆದಿಡಿ. ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೆಯಲು ಶುರುಮಾಡಿದರಲ್ಲ, ಅಂಥ ದಾಖಲೆಯಲ್ಲೂ 1964ರಲ್ಲಿ ಕೆಲವು ತಿಂಗಳು ಖಾಲಿ ಇವೆ. ಕಾರಣ ದುಡ್ಡಿಲ್ಲ. ಆಗ ಹತ್ತು ಲಕ್ಷಕ್ಕೆ 320 ಪಾಲಿನ ಆಸುಪಾಸಿನಲ್ಲಿದ್ದದ್ದು ಈಗ 420 ದಾಟಿದೆ. ನಡುವಿನ ಆ ಖಾಲಿ ತಿಂಗಳುಗಳನ್ನು ಯಾರೂ ಈಗ ಹೋಗಿ ಅಳೆಯಲಾರರು. ನಿಮ್ಮ ಜಿಲ್ಲೆಯ ಇಪ್ಪತ್ತು ಬೋರ್‌ವೆಲ್, ಇಪ್ಪತ್ತು ಹೊಲದ ಮಣ್ಣು, ಪ್ರತಿ ವರ್ಷ ಅದೇ ವಾರ, ಅದೇ ಜಾಗ. ಪ್ರಬಂಧ ಬರುತ್ತೋ ಇಲ್ಲವೋ, ನಿಲ್ಲಿಸಬೇಡಿ.

ನಿಮ್ಮ ಸ್ವಂತ ಸಂಶೋಧನೆ? ಅರ್ಧ ನಿಲ್ಲುತ್ತದೆ. ಸುಳ್ಳು ಹೇಳಿ ಏನು ಪ್ರಯೋಜನ. ಮೊದಲ ಮೂರು ವರ್ಷ ನನ್ನ ಹೆಸರಿನಲ್ಲಿ ಹೇಳಿಕೊಳ್ಳುವಂಥ ಒಂದು ಪ್ರಬಂಧವೂ ಬರಲಿಲ್ಲ, ಬಡ್ತಿಯಲ್ಲಿ ಅದರ ಬಿಸಿ ತಟ್ಟಿತು. ಪಾಠದ ಹೊರೆ ಅರ್ಧ ಮಾಡಿಸಿಕೊಳ್ಳಿ, ಇದೂ ಬರವಣಿಗೆಯಲ್ಲೇ. ವಾರಕ್ಕೆ ಎರಡು ಬೆಳಿಗ್ಗೆ ಲ್ಯಾಬ್‌ನಲ್ಲಿ ಕೂತು ಫೋನ್ ಆಫ್ ಮಾಡಿ. ಆ ಇಪ್ಪತ್ತು ಹೊಲದ ಮಣ್ಣನ್ನು ಬೇರೆ ಯಾರಿಗೂ ಕೊಡಬೇಡಿ, ನೀವೇ ಇಟ್ಟುಕೊಳ್ಳಿ.

ಇನ್ನು ಉದ್ಘಾಟನೆ. ಎರಡು ವರ್ಷ ಮುಂದೂಡಲು ಆದರೆ ಮುಂದೂಡಿ. ಆಗುವುದಿಲ್ಲ, ಕುಲಪತಿಗಳಿಗೆ ಆತುರ ಅನ್ನುವುದಾದರೆ ಯಾರನ್ನು ಬೇಕಾದರೂ ಕರೆಯಿರಿ, ಮಂತ್ರಿಗಳು ಬಂದರೂ ತೊಂದರೆಯಿಲ್ಲ. ಆದರೆ ನವೆಂಬರ್ ಬೇಡ. ಆಗ ರಾಗಿ ಕೊಯ್ಲು, ಊರಿನಿಂದ ಒಬ್ಬರೂ ಬರುವುದಿಲ್ಲ. ಕಣದ ಕೆಲಸ ಎಲ್ಲ ಮುಗಿದ ಮೇಲೆ, ಫೆಬ್ರವರಿಯಲ್ಲಿ ಇಟ್ಟುಕೊಳ್ಳಿ. ನೀರುಗಂಟಿಗಳಿಗೆ ಬಸ್ ಚಾರ್ಜ್ ಕೊಡಿ, ಮುಂದಿನ ಸಾಲಿನಲ್ಲಿ ಕೂರಿಸಿ. ನೋಟ್‌ಬುಕ್ ತರಲು ಹೇಳುವುದನ್ನು ಮರೆಯಬೇಡಿ.